ಮೂಗು ಕೈಕೊಡುವ ಅನಿಲ



ಇಂದಿನ ಉಪನ್ಯಾಸಕ್ಕೆ ನಾನು ಆಯ್ದುಕೊಂಡಿರುವುದು ಒಂದೇ ಒಂದು ಅನಿಲ, ಹೈಡ್ರೋಜನ್ ಸಲ್ಫೈಡ್. ರಸಾಯನಶಾಸ್ತ್ರ ಓದಿದವರಿಗೆಲ್ಲ ಇದು ಹಳೆಯ ಪರಿಚಯ. ಲವಣ ವಿಶ್ಲೇಷಣೆಯ ತರಗತಿಗಳಲ್ಲಿ ಕಿಪ್ ಉಪಕರಣದೊಳಗೆ ಕಬ್ಬಿಣದ ಸಲ್ಫೈಡಿನ ತುಂಡುಗಳಿಗೆ ದುರ್ಬಲಗೊಳಿಸಿದ ಆಮ್ಲ ತಾಗುತ್ತಿತ್ತು. ಹೊರಬಂದ ಅನಿಲವನ್ನು ದ್ರಾವಣಕ್ಕೆ ಹಾಯಿಸಿದರೆ ತಾಮ್ರ ಕಪ್ಪಗೆ, ಕ್ಯಾಡ್ಮಿಯಂ ಹಳದಿಯಾಗಿ, ಆಂಟಿಮನಿ ಕಿತ್ತಳೆ ಬಣ್ಣದಲ್ಲಿ, ಸತುವು ಬೆಳ್ಳಗೆ ತಳಕ್ಕಿಳಿಯುತ್ತಿದ್ದವು. ಆ ಬಣ್ಣಗಳ ಚೆಲುವಿಗೆ ಮನಸೋತು ಈ ವಿಷಯಕ್ಕೆ ಬಂದವರು ನಮ್ಮಲ್ಲಿ ಬಹಳ ಮಂದಿ. ಬಣ್ಣವಿಲ್ಲ, ಕೊಳೆತ ಮೊಟ್ಟೆಯ ವಾಸನೆ, ಗಾಳಿಗಿಂತ ಭಾರ, ನೀಲಿ ಜ್ವಾಲೆಯಿಂದ ಉರಿಯುತ್ತದೆ, ವಿಷಕಾರಿ ಎಂದು ಐದು ಗುಣ ಬರೆದರೆ ಪರೀಕ್ಷೆಯಲ್ಲಿ ಪೂರ್ಣ ಅಂಕ.

ಆ ಗುಣಗಳನ್ನೇ ಇವತ್ತು ನಿಧಾನವಾಗಿ ಬಿಡಿಸಿ ನೋಡಬೇಕೆಂದಿದ್ದೇನೆ. ಪುಸ್ತಕದಲ್ಲಿ ಒಂದೊಂದು ಸಾಲಿಗೆ ಮುಗಿಯುವ ಈ ಗುಣಗಳು ಒಂದರ ಜೊತೆ ಒಂದು ಕೂಡಿಕೊಂಡಾಗ ಮನುಷ್ಯನನ್ನು ಹೇಗೆ ಕೊಲ್ಲುತ್ತವೆ ಎಂಬುದು ನಮ್ಮ ತರಗತಿಗಳಲ್ಲಿ ಬರುವುದೇ ಇಲ್ಲ. ಈ ಅನಿಲದ ಬಗೆಗಿನ ತಿಳಿವಳಿಕೆ ಕಾರ್ಖಾನೆಯ ಬೇಲಿಯೊಳಗೆ ಕಟ್ಟುನಿಟ್ಟಾದ ಶಿಸ್ತಾಗಿ ರೂಪುಗೊಂಡಿದೆ. ಬೇಲಿಯಾಚೆಗೆ, ನಮ್ಮ ಬೀದಿಯ ಮ್ಯಾನ್‌ಹೋಲಿನಲ್ಲಿ, ಅದೇ ಅನಿಲದ ಎದುರು ನಾವು ಬರಿಗೈಯ, ಬರಿಮೂಗಿನ ಮನುಷ್ಯನನ್ನು ಇಳಿಸುತ್ತೇವೆ. ನನ್ನನ್ನು ಕಾಡುತ್ತಿರುವುದು ಇದು.

ಮೊದಲು ಅಣುವಿನ ಮಾತು. ಎರಡು ಹೈಡ್ರೋಜನ್, ಒಂದು ಗಂಧಕ. ಗಂಧಕದ ಜಾಗದಲ್ಲಿ ಆಮ್ಲಜನಕ ಇದ್ದರೆ ಅದೇ ನೀರು. ಆವರ್ತ ಕೋಷ್ಟಕದಲ್ಲಿ ಆಮ್ಲಜನಕದ ಕೆಳಗಿನ ಮನೆಯಲ್ಲೇ ಗಂಧಕ ಕೂತಿದೆ. ಆದರೂ ನೀರು 100 ಡಿಗ್ರಿಗೆ ಕುದಿದರೆ, ಅದಕ್ಕಿಂತ ಭಾರವಾದ ಈ ಅಣು ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಅನಿಲವಾಗಿಬಿಡುತ್ತದೆ. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಗಂಧಕಕ್ಕೆ ಆ ಹಿಡಿತ ಇಲ್ಲ. ಗಾಳಿಯನ್ನು 1 ಎಂದಿಟ್ಟುಕೊಂಡರೆ ಇದರ ಸಾಂದ್ರತೆ ಸುಮಾರು 1.19. ಹೀಗಾಗಿ ಗಾಳಿಯಾಡದ ಜಾಗದಲ್ಲಿ ಇದು ತಗ್ಗು ಹುಡುಕಿಕೊಂಡು ಗುಂಡಿ, ತೊಟ್ಟಿ, ನೆಲಮಾಳಿಗೆಗಳಲ್ಲಿ ನೆಲೆನಿಲ್ಲುತ್ತದೆ. ಬಗ್ಗಿ ನೋಡುವವನ ಮುಖಕ್ಕೆ ಏನೂ ತಾಗದೆ, ಇಳಿದವನ ಎದೆಮಟ್ಟಕ್ಕೆ ಅನಿಲ ತುಂಬಿರುವುದು ಸಾಧ್ಯ.

ಇದು ನೀರಿನಲ್ಲಿ ಕರಗುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಎರಡೂವರೆ ಲೀಟರಿನಷ್ಟು ಅನಿಲವನ್ನು ಹಿಡಿದಿಟ್ಟುಕೊಳ್ಳಬಲ್ಲದು. ತಿಂಗಳುಗಟ್ಟಲೆ ಅಲುಗಾಡದೆ ನಿಂತ ಕೊಚ್ಚೆಯ ಮೇಲೆ ನಿಂತು ಗಾಳಿ ಪರೀಕ್ಷಿಸಿದರೆ ಅಪಾಯವೇ ಇಲ್ಲ ಎಂದು ತೋರಬಹುದು. ಒಳಗಿಳಿದವನು ಗುದ್ದಲಿಯಿಂದ ತಳದ ಕೆಸರನ್ನು ಕೆದಕಿದ ಕ್ಷಣ, ಅಲುಗಾಡಿಸಿದ ಸೋಡಾ ಬಾಟಲಿಯ ಗೋಲಿ ಒತ್ತಿದಂತೆ, ಕರಗಿದ್ದೆಲ್ಲ ಭುಸ್ಸೆಂದು ಎದ್ದು ಬರುತ್ತದೆ. ಮುಚ್ಚಳ ತೆಗೆದು ಅರ್ಧ ಗಂಟೆ ಬಿಟ್ಟು ಇಳಿದೆವು, ಆದರೂ ಸತ್ತರು ಎಂದು ಮೇಸ್ತ್ರಿಗಳು ಹೇಳುವುದುಂಟು. ಅರ್ಧ ಗಂಟೆಯಲ್ಲಿ ಮೇಲಿನ ಗಾಳಿ ಬದಲಾಗಿರಬಹುದು, ಕೆಸರಿನೊಳಗಿನ ಅನಿಲ ಇದ್ದಲ್ಲೇ ಇರುತ್ತದೆ. ಕೊಚ್ಚೆ ಎಷ್ಟು ಆಮ್ಲೀಯ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪಿಎಚ್ 7ರ ಆಸುಪಾಸಿನಲ್ಲಿ ಕರಗಿದ ಸಲ್ಫೈಡಿನ ಸುಮಾರು ಅರ್ಧ ಭಾಗ ಮಾತ್ರ ಅನಿಲರೂಪಕ್ಕೆ ತಿರುಗಬಲ್ಲ ಸ್ಥಿತಿಯಲ್ಲಿರುತ್ತದೆ. ಎಲ್ಲಿಂದಲೋ ಆಮ್ಲೀಯ ತ್ಯಾಜ್ಯ ಬಂದು ಸೇರಿತೋ, ಉಳಿದರ್ಧವೂ ಅನಿಲವಾಗಿ ಮೇಲೇಳುತ್ತದೆ. ಚರ್ಮ ಹದಮಾಡುವ ಘಟಕಗಳಲ್ಲಿ ಸಲ್ಫೈಡ್ ಇರುವ ನೀರನ್ನೂ ಆಮ್ಲೀಯ ನೀರನ್ನೂ ಬೇರೆ ಬೇರೆ ಕಾಲುವೆಗಳಲ್ಲಿ ಹರಿಸಬೇಕೆಂಬ ನಿಯಮ ಹುಟ್ಟಿದ್ದು ಈ ಕಾರಣಕ್ಕೆ.

ಇನ್ನು ವಾಸನೆ. ಮನುಷ್ಯನ ಮೂಗು ಈ ಅನಿಲದ ವಿಚಾರದಲ್ಲಿ ಅತಿ ಸೂಕ್ಷ್ಮ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗವನ್ನು ಪಿಪಿಎಂ ಎನ್ನುತ್ತೇವೆ. ಒಂದು ಪಿಪಿಎಂನ ನೂರನೇ ಒಂದು ಪಾಲು ಇದ್ದರೂ ಬಹಳ ಜನರ ಮೂಗಿಗೆ ಗೊತ್ತಾಗುತ್ತದೆ. ಇಷ್ಟು ಒಳ್ಳೆಯ ಕಾವಲುಗಾರ ಇರುವಾಗ ಹೆದರಿಕೆ ಏಕೆ ಎನಿಸಬಹುದು. 100ರಿಂದ 150 ಪಿಪಿಎಂ ಮುಟ್ಟಿದಾಗ ಘ್ರಾಣ ನರ ಸೋತು ಸುಮ್ಮನಾಗುತ್ತದೆ. ವಾಸನೆ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಒಳಗಿದ್ದವನು ಗಾಳಿ ತಿಳಿಯಾಯಿತು ಎಂದುಕೊಂಡು ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ. ಅಮೆರಿಕದ ವೃತ್ತಿ ಸುರಕ್ಷತಾ ಸಂಸ್ಥೆ ನಿಯೋಷ್ ಜೀವಕ್ಕೆ ತತ್‌ಕ್ಷಣದ ಅಪಾಯ ಎಂದು ಗುರುತಿಸಿರುವ ಮಟ್ಟವೂ 100 ಪಿಪಿಎಂ. ಅಂದರೆ ಅಪಾಯ ಶುರುವಾಗುವುದೂ ಮೂಗು ಕೈಕೊಡುವುದೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ. ಕಡಿಮೆ ಮಟ್ಟದಲ್ಲೂ ಗಂಟೆಗಟ್ಟಲೆ ಇದ್ದವರ ಮೂಗು ವಾಸನೆಗೆ ಒಗ್ಗಿಹೋಗುತ್ತದೆ. ವಾಸನೆ ಬಂದರೆ ಅನಿಲ ಇದೆ ಎನ್ನುವುದು ಸರಿ. ವಾಸನೆ ಇಲ್ಲವಾದರೆ ಅನಿಲ ಇಲ್ಲ ಎನ್ನುವುದು ಸರಿಯಲ್ಲ. ಈ ಎರಡನೆಯ ಮಾತನ್ನು ನಮ್ಮ ಪಠ್ಯಗಳಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚುಹಾಕಬೇಕು ಎಂಬುದು ನನ್ನ ಬೇಡಿಕೆ.

ದೇಹದೊಳಗೆ ಇದು ಮಾಡುವ ಕೆಲಸ ಸಯನೈಡಿನ ಕೆಲಸಕ್ಕೆ ತೀರ ಹತ್ತಿರ. ರಕ್ತ ಆಮ್ಲಜನಕವನ್ನು ತಂದು ಜೀವಕೋಶದ ಬಾಗಿಲಿಗೆ ಮುಟ್ಟಿಸುತ್ತದೆ. ಒಳಗೆ ಮೈಟೊಕಾಂಡ್ರಿಯದಲ್ಲಿ ಆ ಆಮ್ಲಜನಕವನ್ನು ಬಳಸಿಕೊಳ್ಳಬೇಕಾದ ಕೊನೆಯ ಕಿಣ್ವವನ್ನು, ಸೈಟೊಕ್ರೋಮ್ ಆಕ್ಸಿಡೇಸನ್ನು, ಈ ಅನಿಲ ಹಿಡಿದು ನಿಲ್ಲಿಸುತ್ತದೆ. ಉಸಿರಿದೆ, ರಕ್ತದಲ್ಲಿ ಆಮ್ಲಜನಕವೂ ಇದೆ, ಜೀವಕೋಶ ಮಾತ್ರ ಉಸಿರುಗಟ್ಟಿ ಒದ್ದಾಡುತ್ತದೆ. ಮಿದುಳಿಗೆ ಮೊದಲ ಪೆಟ್ಟು. 10-20 ಪಿಪಿಎಂನಲ್ಲಿ ಕಣ್ಣುರಿ, 300 ದಾಟಿದಾಗ ಶ್ವಾಸಕೋಶದಲ್ಲಿ ನೀರು, 500ರಿಂದ 700ರಲ್ಲಿ ತೂರಾಟ, ಕೆಲವೇ ನಿಮಿಷಗಳಲ್ಲಿ ಕುಸಿತ. 1,000 ಪಿಪಿಎಂ ಹತ್ತಿರ ಬಂದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿದು ಬೀಳುತ್ತಾನೆ. ಕೂಗಲು, ಹಗ್ಗ ಹಿಡಿಯಲು, ಏಣಿಯ ಇನ್ನೊಂದು ಮೆಟ್ಟಿಲಿಗೆ ಕಾಲಿಡಲು ಅವಕಾಶವಿಲ್ಲ. ಸಾಬೀತಾದ ಖಚಿತ ಪ್ರತಿವಿಷ ವೈದ್ಯರ ಕೈಯಲ್ಲಿ ಇವತ್ತಿಗೂ ಇಲ್ಲ. ಹೊರಗಿನ ಗಾಳಿಗೆ ತರುವುದು, ಆಮ್ಲಜನಕ ಕೊಡುವುದು, ಉಸಿರಾಟಕ್ಕೆ ಆಸರೆಯಾಗುವುದು, ಇಷ್ಟೇ ಮುಖ್ಯ ಚಿಕಿತ್ಸೆ. ಬದುಕಿ ಬಂದ ಕೆಲವರಲ್ಲಿ ನೆನಪಿನ ಶಕ್ತಿಗೆ ಪೆಟ್ಟು ಬಿದ್ದು ಅದು ಹಾಗೆಯೇ ಉಳಿದುಬಿಡುತ್ತದೆ. ಇಂಥ ಅನಿಲವನ್ನು ನಮ್ಮ ದೇಹ ತಾನೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತದೆ ಎಂಬುದು ಪ್ರಕೃತಿಯ ಸೋಜಿಗಗಳಲ್ಲಿ ಒಂದು. ಮಿದುಳಿನಲ್ಲಿ ಅದು ಸಂದೇಶವಾಹಕವಾಗಿ ಕೆಲಸ ಮಾಡಬಹುದೆಂದು ಜಪಾನಿನ ಹಿದೆಯೊ ಕಿಮುರಾ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ವಿಷವೋ ಅಲ್ಲವೋ ಎಂಬುದನ್ನು ಪ್ರಮಾಣ ನಿರ್ಧರಿಸುತ್ತದೆ.

ಉರಿಯುವ ಗುಣದ ಕಡೆ ಬರೋಣ. ಗಾಳಿಯಲ್ಲಿ ಈ ಅನಿಲ ಶೇಕಡಾ 4ರಿಂದ ಹಿಡಿದು ಶೇಕಡಾ 45ರ ಸಮೀಪದವರೆಗೆ ಯಾವ ಪ್ರಮಾಣದಲ್ಲಿದ್ದರೂ ಕಿಡಿ ಸಿಕ್ಕರೆ ಸ್ಫೋಟಿಸಬಲ್ಲದು. ಕಿಡಿಯೇ ಬೇಕೆಂದಿಲ್ಲ, ಸುಮಾರು 260 ಡಿಗ್ರಿ ಕಾದ ಲೋಹದ ಮೈ ಸಾಕು. ಮೀಥೇನ್ ತಾನಾಗಿ ಹೊತ್ತಿಕೊಳ್ಳಲು ಅದರ ಎರಡು ಪಟ್ಟು ಬಿಸಿ ಬೇಕು. ಉರಿದಾಗ ಹುಟ್ಟುವ ಸಲ್ಫರ್ ಡೈಆಕ್ಸೈಡ್ ಕೂಡ ವಿಷ, ಆದರೆ ಇದರಷ್ಟು ಕ್ರೂರವಲ್ಲ. ಇಲ್ಲೊಂದು ಲೆಕ್ಕವನ್ನು ವಿದ್ಯಾರ್ಥಿಗಳು ಬರೆದುಕೊಳ್ಳಬೇಕು. ಶೇಕಡಾ 4 ಎಂದರೆ 40,000 ಪಿಪಿಎಂ. ಬೆಂಕಿಯ ಅಪಾಯ ಅಳೆಯುವ ಸಾಮಾನ್ಯ ಉಪಕರಣ ಈ ಮಿತಿಯ ಹತ್ತನೇ ಒಂದು ಪಾಲಿಗೇ, ಅಂದರೆ 4,000 ಪಿಪಿಎಂಗೆ, ಬೊಬ್ಬೆ ಹಾಕುವಂತೆ ಹೊಂದಿಸಿರುತ್ತಾರೆ. ಬೆಂಕಿಯ ಮಟ್ಟಿಗೆ ಅದು ಬಹಳ ಎಚ್ಚರಿಕೆಯ ಮಿತಿ. ಆದರೆ ಮನುಷ್ಯ 1,000ಕ್ಕೇ ಬಿದ್ದಿರುತ್ತಾನೆ. ಬೆಂಕಿಯ ಮೀಟರನ್ನು ನಂಬಿ ಇಳಿದವನಿಗೆ ಅದು ಕೂಗುವ ಹೊತ್ತಿಗೆ ಕೇಳಿಸಿಕೊಳ್ಳುವ ಕಿವಿ ಇರುವುದಿಲ್ಲ. ಈ ಅನಿಲಕ್ಕೆಂದೇ ಪ್ರತ್ಯೇಕ ಸಂವೇದಕ ಇರಲೇಬೇಕು.

ನಮ್ಮ ಹಳ್ಳಿಗಳಲ್ಲಿ ಹಾಳುಬಾವಿಗೆ ಇಳಿಯುವ ಮುನ್ನ ಕಂದೀಲು ಬಿಟ್ಟು ನೋಡುವ ರೂಢಿ ಇತ್ತು. ದೀಪ ಆರಿದರೆ ಇಳಿಯಬಾರದು. ಇಂಗಾಲದ ಡೈಆಕ್ಸೈಡ್ ತುಂಬಿದ ಬಾವಿಗೆ ಆ ಪರೀಕ್ಷೆ ಎಷ್ಟೋ ಜೀವ ಉಳಿಸಿರಬೇಕು. ಅದೇ ರೂಢಿ ನಗರಕ್ಕೆ ಬಂದು, ಮ್ಯಾನ್‌ಹೋಲಿನೊಳಗೆ ಕಡ್ಡಿ ಗೀರಿ ಹಾಕಿ ನೋಡುವ ಪದ್ಧತಿಯಾಗಿ ಉಳಿದಿದೆ. 1,000 ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಇರುವ ಗುಂಡಿಯಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ದೀಪ ಚೆನ್ನಾಗಿಯೇ ಉರಿಯುತ್ತದೆ. ಮೀಥೇನ್ ಸೇರಿದ್ದರಂತೂ ಆ ಕಡ್ಡಿಯೇ ಸ್ಫೋಟಕ್ಕೆ ಕಾರಣವಾಗುತ್ತದೆ. ಬಾವಿಗೆ ಹೊಂದಿದ ಜಾಣ್ಮೆ ಚರಂಡಿಗೆ ಹೊಂದುವುದಿಲ್ಲ. ಇದನ್ನು ಪೌರಕಾರ್ಮಿಕರ ತರಬೇತಿಗಳಲ್ಲಿ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಚರಂಡಿಯಲ್ಲಿ ಇದು ಹುಟ್ಟುವ ಬಗೆ ಕೇಳಿ. ಮಲಮೂತ್ರದಲ್ಲಿ, ಸಾಬೂನು ಪುಡಿಯಲ್ಲಿ, ಕೊಳವೆಬಾವಿಯ ನೀರಿನಲ್ಲಿ ಸಲ್ಫೇಟ್ ಇರುತ್ತದೆ. ಗಾಳಿ ಸಿಗದ ಕಡೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ನಾವು ಆಮ್ಲಜನಕ ಬಳಸುವ ಜಾಗದಲ್ಲಿ ಸಲ್ಫೇಟ್ ಬಳಸಿಕೊಂಡು ಸಲ್ಫೈಡನ್ನು ಹೊರಬಿಡುತ್ತವೆ. ಇವನ್ನು ಡಚ್ ವಿಜ್ಞಾನಿ ಬೈಯರಿಂಕ್ 1895ರಲ್ಲಿ ಗುರುತಿಸಿದರು. ಕೊಳವೆಯ ಒಳಮೈಗೆ ಅಂಟಿದ ಲೋಳೆಯೇ ಇವುಗಳ ಮನೆ. ನೀರು ನಿಧಾನವಾದಷ್ಟೂ, ಹವೆ ಬೆಚ್ಚಗಾದಷ್ಟೂ ಇವು ಚುರುಕು. ಮೇಲೆದ್ದ ಅನಿಲ ಕೊಳವೆಯ ಛಾವಣಿಯ ತೇವದಲ್ಲಿ ಕರಗಿದಾಗ, ಅಲ್ಲಿರುವ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸಿ ಕಾಂಕ್ರೀಟನ್ನು ತಿನ್ನುತ್ತದೆ. ಮೆಲ್ಬರ್ನ್ ನಗರದ ಚರಂಡಿಗಳಲ್ಲಿ ಇದನ್ನು ಪತ್ತೆಹಚ್ಚಿದ ವರದಿ ಬಂದದ್ದು 1940ರ ದಶಕದಲ್ಲಿ. ರಸ್ತೆ ಇದ್ದಕ್ಕಿದ್ದಂತೆ ಕುಸಿಯುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಕಾಂಕ್ರೀಟಿಗೆ ಆಗುವ ನಷ್ಟವನ್ನು ಎಂಜಿನಿಯರುಗಳು ಬಹಳ ಶ್ರದ್ಧೆಯಿಂದ ಅಳೆದಿದ್ದಾರೆ.

ಮನುಷ್ಯನಿಗೆ ಆಗುವ ನಷ್ಟವನ್ನು ಮೊದಲು ಶ್ರದ್ಧೆಯಿಂದ ನೋಡಿದವರು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ. ನಾನು ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳಬಯಸುತ್ತೇನೆ, ಏಕೆಂದರೆ ದುಡಿಯುವವರ ಕಾಯಿಲೆಗಳ ಶಾಸ್ತ್ರ ಹುಟ್ಟಿದ್ದು ಇಲ್ಲಿ. ಮೊಡೆನಾ ನಗರದ ಅವರ ಮನೆಯ ಮಲಗುಂಡಿ ಬಳಿಯಲು ಕೆಲಸಗಾರನೊಬ್ಬ ಬಂದಿದ್ದ. ಅವನು ಮೈಮೇಲೆ ಬಂದವನಂತೆ ಅವಸರದಿಂದ ಬಳಿಯುತ್ತಿದ್ದುದನ್ನು ಕಂಡು, ಇಷ್ಟೇಕೆ ಆತುರ, ನಿಧಾನವಾಗಿ ಮಾಡಬಾರದೇ ಎಂದು ರಾಮಜ್ಜಿನಿ ವಿಚಾರಿಸಿದರು. ಗುಂಡಿಯೊಳಗೆ ಹೆಚ್ಚು ಹೊತ್ತು ಇದ್ದರೆ ಕಣ್ಣು ಹೋಗುತ್ತದೆ, ಮನೆಗೆ ಹೋದ ಮೇಲೆ ಕತ್ತಲೆ ಕೋಣೆ ಸೇರಿ ಉಗುರುಬೆಚ್ಚನೆ ನೀರಿನಲ್ಲಿ ಕಣ್ಣು ತೊಳೆಯುತ್ತ ಕೂರಬೇಕು ಎಂಬರ್ಥದ ಉತ್ತರ ಬಂತು. ಹೀಗೆ ಕಣ್ಣು ಕಳೆದುಕೊಂಡು ಭಿಕ್ಷೆ ಬೇಡುವವರನ್ನು ರಾಮಜ್ಜಿನಿ ಊರಿನಲ್ಲಿ ಕಂಡಿದ್ದರು. ಇಂಥವರ ಜೇಬಿನಲ್ಲಿದ್ದ ಬೆಳ್ಳಿ, ತಾಮ್ರದ ನಾಣ್ಯಗಳು ಕಪ್ಪಗಾಗುತ್ತವೆ ಎಂಬುದನ್ನೂ ಅವರು ಗಮನಿಸಿದರು. ಲೋಹವನ್ನು ಕಪ್ಪಾಗಿಸುವ ಯಾವುದೋ ಆವಿ ಆ ಗುಂಡಿಯಲ್ಲಿದೆ ಎಂದು ಅವರು ಊಹಿಸಿದಾಗ ಹೈಡ್ರೋಜನ್ ಸಲ್ಫೈಡಿಗೆ ಹೆಸರೇ ಇರಲಿಲ್ಲ. ಸ್ವೀಡನ್ನಿನ ಶೀಲೆ ಈ ಅನಿಲವನ್ನು ತಯಾರಿಸಿ ವಿವರಿಸುವುದಕ್ಕೆ 1777 ಬರಬೇಕಾಯಿತು. ಆ ಕೆಲಸಗಾರನೊಡನೆ ಆದ ಮಾತೇ ವೃತ್ತಿಕಾಯಿಲೆಗಳ ಕುರಿತ ಗ್ರಂಥ ಬರೆಯಲು ತಮಗೆ ಪ್ರೇರಣೆ ಎಂದು ರಾಮಜ್ಜಿನಿ ಹೇಳಿಕೊಂಡಿದ್ದಾರೆ. ಅದು ಪ್ರಕಟವಾದದ್ದು 1700ರಲ್ಲಿ. ರೋಗಿಯನ್ನು ನೋಡುವಾಗ ನಿನ್ನ ಕಸುಬೇನು ಎಂದು ಕೇಳಬೇಕೆಂಬ ಪಾಠವನ್ನು ವೈದ್ಯಲೋಕಕ್ಕೆ ಕಲಿಸಿದ ಪುಸ್ತಕ ಅದು. ಮುನ್ನೂರು ವರ್ಷಕ್ಕೂ ಹಿಂದೆ ಒಬ್ಬ ಮಲಗುಂಡಿ ಬಳಿಯುವವನು ಕೊಟ್ಟ ಸಾಕ್ಷ್ಯದ ಮೇಲೆ ಒಂದು ಶಾಸ್ತ್ರ ನಿಂತಿದೆ. ಅವನ ಹೆಸರು ನಮಗೆ ಉಳಿದಿಲ್ಲ.

ಈಗ ಕಾರ್ಖಾನೆಗೆ ಹೋಗೋಣ. ನಮ್ಮ ಕೈಗಾದ ಅಣು ರಿಯಾಕ್ಟರುಗಳು ಭಾರಜಲ ಬಳಸುವಂಥವು. ಸಾಮಾನ್ಯ ನೀರಿನಲ್ಲಿ ಸುಮಾರು ಆರೂವರೆ ಸಾವಿರ ಹೈಡ್ರೋಜನ್ ಪರಮಾಣುಗಳಿಗೆ ಒಂದರಂತೆ ಡ್ಯೂಟೀರಿಯಂ ಇರುತ್ತದೆ. ಅದನ್ನು ಆಯ್ದು ಕೂಡಿಹಾಕಲು ತೆಲಂಗಾಣದ ಮಣುಗೂರು ಮತ್ತು ರಾಜಸ್ಥಾನದ ರಾವತ್‌ಭಾಟಾ ಸ್ಥಾವರಗಳಲ್ಲಿ ಬಳಸುವುದು ಇದೇ ಹೈಡ್ರೋಜನ್ ಸಲ್ಫೈಡನ್ನು. ತಣ್ಣನೆಯ ಗೋಪುರದಲ್ಲಿ ಡ್ಯೂಟೀರಿಯಂ ಅನಿಲದಿಂದ ನೀರಿಗೆ ದಾಟುತ್ತದೆ, 130 ಡಿಗ್ರಿಯ ಸುಮಾರಿನ ಬಿಸಿ ಗೋಪುರದಲ್ಲಿ ನೀರಿನಿಂದ ಅನಿಲಕ್ಕೆ ಮರಳುತ್ತದೆ. ಈ ಕೊಡುಕೊಳ್ಳುವಿಕೆಯನ್ನು ಮತ್ತೆ ಮತ್ತೆ ನಡೆಸಿ ಭಾರಜಲವನ್ನು ಗಟ್ಟಿಮಾಡುತ್ತಾರೆ. ಊರುಗಳನ್ನೇ ಬಲಿ ತೆಗೆದುಕೊಳ್ಳುವಷ್ಟು ಅನಿಲ ಅಧಿಕ ಒತ್ತಡದಲ್ಲಿ ಅಲ್ಲಿನ ಗೋಪುರಗಳಲ್ಲಿ ಹಗಲಿರುಳು ಸುತ್ತುತ್ತಿರುತ್ತದೆ.

ಸುರತ್ಕಲ್ ಬಳಿಯ ಮಂಗಳೂರು ತೈಲ ಶುದ್ಧೀಕರಣಾಗಾರದಂಥ ಕಡೆ ಇದು ಬೇರೆ ದಾರಿಯಿಂದ ಬರುತ್ತದೆ. ಕಚ್ಚಾತೈಲದಲ್ಲಿ ಗಂಧಕ ಇರುತ್ತದೆ. ಹೈಡ್ರೋಜನ್ ಹಾಯಿಸಿ ಅದನ್ನು ಕಿತ್ತಾಗ ಹುಟ್ಟುವುದು ಹೈಡ್ರೋಜನ್ ಸಲ್ಫೈಡ್. ಅದನ್ನು ಅಮೈನ್ ದ್ರಾವಣದಲ್ಲಿ ಹಿಡಿದು, 1883ರಲ್ಲಿ ಕ್ಲಾಸ್ ಎಂಬ ರಸಾಯನಜ್ಞ ಪೇಟೆಂಟ್ ಪಡೆದ ಕ್ರಮದಿಂದ ಹಳದಿ ಗಂಧಕವಾಗಿ ಮಾರ್ಪಡಿಸುತ್ತಾರೆ. 2020ರ ಏಪ್ರಿಲ್ 1ರಿಂದ ದೇಶದ ಪೆಟ್ರೋಲ್, ಡೀಸೆಲ್‌ಗಳಲ್ಲಿ ಗಂಧಕದ ಮಿತಿ 50ರಿಂದ 10 ಪಿಪಿಎಂಗೆ ಇಳಿಯಿತು. ನಮ್ಮ ಬೀದಿಯ ಗಾಳಿ ಅಷ್ಟರಮಟ್ಟಿಗೆ ಹಗುರಾಯಿತು. ಆ ಗಂಧಕ ಎಲ್ಲಿಗೂ ಮಾಯವಾಗಿಲ್ಲ. ಶುದ್ಧೀಕರಣಾಗಾರದ ಕೊಳವೆಗಳಲ್ಲಿ ಈ ಅನಿಲದ ರೂಪದಲ್ಲಿ, ಅಲ್ಲಿ ಪಾಳಿ ಕೆಲಸ ಮಾಡುವವರ ಮಗ್ಗುಲಲ್ಲೇ, ಹಾಯ್ದುಹೋಗುತ್ತಿದೆ. ಅವರ ಋಣ ನಮ್ಮೆಲ್ಲರ ಮೇಲಿದೆ.

ಇಂಥ ಕಡೆಗಳ ಶಿಸ್ತು ಏನೆಂದು ವಿದ್ಯಾರ್ಥಿಗಳು ತಿಳಿಯಬೇಕು. ಎತ್ತರದಲ್ಲೊಂದು ಗಾಳಿಚೀಲ, ಸೋರಿಕೆಯಾದರೆ ಗಾಳಿಗೆ ಅಡ್ಡಲಾಗಿ, ಎತ್ತರದ ಕಡೆಗೆ ಓಡುವುದಕ್ಕಾಗಿ. ಪ್ರತಿಯೊಬ್ಬನ ಎದೆಯ ಮೇಲೆ, ಮೂಗಿಗೆ ಹತ್ತಿರವಾಗಿ, ಪುಟ್ಟ ಅನಿಲಮಾಪಕ. ನಮ್ಮ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಎಂಟು ಗಂಟೆಯ ಸರಾಸರಿಗೆ ಇಟ್ಟಿದ್ದ ಮಿತಿ 10 ಪಿಪಿಎಂ. ಮಾಪಕಗಳು ಸಾಮಾನ್ಯವಾಗಿ ಆ ಮಟ್ಟಕ್ಕೇ ಕೂಗುತ್ತವೆ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘವಂತೂ 2010ರಲ್ಲಿ ತನ್ನ ಶಿಫಾರಸನ್ನು 1 ಪಿಪಿಎಂಗೆ ಇಳಿಸಿತು. ಅಪಾಯದ ಘಟಕಕ್ಕೆ ಒಬ್ಬಂಟಿಯಾಗಿ ಯಾರೂ ಹೋಗುವಂತಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಪೂರ್ತಿ ಮುಚ್ಚುವ ಮುಸುಕು, ಲಿಖಿತ ಅನುಮತಿ, ಹೊರಗೆ ಕಾಯುವ ಸಂಗಾತಿ.

ಈ ಶಿಸ್ತು ಪುಸ್ತಕ ನೋಡಿ ಬಂದದ್ದಲ್ಲ, ಜೀವ ತೆತ್ತು ಕಲಿತದ್ದು. 1950ರ ನವೆಂಬರ್ 24ರಂದು ಮೆಕ್ಸಿಕೋದ ಪೋಝಾ ರೀಕಾ ಪಟ್ಟಣದಲ್ಲಿ ಗಂಧಕ ಬೇರ್ಪಡಿಸುವ ಹೊಸ ಘಟಕದಿಂದ ಬೆಳಗಿನ ಜಾವ ಅರ್ಧ ಗಂಟೆಗೂ ಕಡಿಮೆ ಕಾಲ ಅನಿಲ ಉರಿಯದೆ ಹೊರಬಿತ್ತು. ಗಾಳಿ ನಿಂತಿತ್ತು, ಮಂಜು ಕವಿದಿತ್ತು, ಜನ ಮಲಗಿದ್ದರು. 22 ಜನ ಸತ್ತರು, 320 ಮಂದಿ ಆಸ್ಪತ್ರೆ ಸೇರಿದರು. 2003ರ ಡಿಸೆಂಬರ್ 23ರ ರಾತ್ರಿ ಚೀನಾದ ಚೋಂಗ್‌ಚಿಂಗ್ ಮಹಾನಗರ ವ್ಯಾಪ್ತಿಯ ಕೈಶಿಯಾನ್‌ನಲ್ಲಿ ಅನಿಲಬಾವಿ ಕೊರೆಯುವಾಗ ಒತ್ತಡ ತಡೆಯುವ ಕವಾಟವೊಂದನ್ನು ತೆಗೆದಿದ್ದರಿಂದ ಬಾವಿ ಸ್ಫೋಟಿಸಿ ಈ ಅನಿಲ ಕಣಿವೆಯ ಹಳ್ಳಿಗಳಿಗೆ ಇಳಿಯಿತು. 243 ಮಂದಿ ಸತ್ತರು. ಹತ್ತಾರು ಸಾವಿರ ಜನ ಮನೆ ಬಿಟ್ಟು ಓಡಿದರು. ಅಲ್ಲಿ ಅನಿಲದ ಉರಿಯುವ ಗುಣವೇ ರಕ್ಷಣೆಗೆ ಬರಬಹುದಿತ್ತು: ಬಾವಿಯ ಬಾಯಿಗೆ ಕೂಡಲೇ ಬೆಂಕಿ ಕೊಟ್ಟಿದ್ದರೆ ವಿಷದ ಬಹುಪಾಲು ಉರಿದು ಮೇಲಕ್ಕೆ ಹೋಗುತ್ತಿತ್ತು. ಬೆಂಕಿ ಕೊಟ್ಟದ್ದು ಸುಮಾರು 18 ಗಂಟೆಗಳ ನಂತರ. ಆ ತಡವೇ ಸಾವಿನ ಸಂಖ್ಯೆಯನ್ನು ಅಷ್ಟು ಏರಿಸಿತು ಎಂದು ನನಗೆ ಅನಿಸುತ್ತದೆ.

ಬೇಲಿ ದಾಟಿ ಬೀದಿಗೆ ಬಂದರೆ ಚಿತ್ರವೇ ಬೇರೆ. 2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. 2022ರ ಏಪ್ರಿಲಿನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಗೆ ಇಳಿದವನೊಬ್ಬ ಕುಸಿದ, ಅವನನ್ನು ಎತ್ತಲು ಹೋದವರೂ ಕುಸಿದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರ ಜೀವ ಹೋಯಿತು. ಮೀನಿನ ಪ್ರೋಟೀನಿನಲ್ಲಿ ಗಂಧಕವಿದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಅದು ಕೊಳೆತಾಗ ಏನು ಹುಟ್ಟುತ್ತದೆಂಬುದು ಈ ಸಭಾಂಗಣದಲ್ಲಿರುವ ಪ್ರಥಮ ವರ್ಷದ ವಿದ್ಯಾರ್ಥಿಗೂ ಗೊತ್ತು. 2015ರ ನವೆಂಬರಿನಲ್ಲಿ ಕೋಳಿಕ್ಕೋಡಿನಲ್ಲಿ ಮ್ಯಾನ್‌ಹೋಲಿನೊಳಗೆ ಸಿಕ್ಕಿಬಿದ್ದ ಇಬ್ಬರು ಕೆಲಸಗಾರರನ್ನು ಎತ್ತಲೆಂದು, ಅವರ ಪರಿಚಯವೇ ಇಲ್ಲದ ಆಟೋ ಚಾಲಕನೊಬ್ಬ ಧುಮುಕಿ ತಾನೂ ತೀರಿಕೊಂಡ.

ಒಬ್ಬನ ಹಿಂದೆ ಒಬ್ಬ ಹೋಗುವುದು ಈ ಅನಿಲದ ಸಾವುಗಳಲ್ಲಿ ಮತ್ತೆ ಮತ್ತೆ ಕಾಣುವ ಕ್ರಮ. ಇಕ್ಕಟ್ಟಾದ ಜಾಗಗಳಲ್ಲಿ ಸಾಯುವವರಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಮಂದಿ ರಕ್ಷಿಸಲು ಹೋದವರು ಎಂದು ನಿಯೋಷ್ 1986ರಲ್ಲಿ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತ್ತು. ಒಳಗೆ ಬಿದ್ದವನು ತಮ್ಮನೋ ಭಾವಮೈದುನನೋ ಒಂದೇ ಊರಿನವನೋ ಆಗಿರುತ್ತಾನೆ. ಅವನು ಜಾರಿ ಬಿದ್ದ ಎಂದು ಮೇಲಿದ್ದವನಿಗೆ ಅನಿಸುತ್ತದೆ. ಇಳಿಯಬೇಡ ಎಂದು ಹೇಳುವುದು ಸುಲಭ, ಕಣ್ಣೆದುರು ತಮ್ಮ ಬಿದ್ದಿರುವಾಗ ಕೈಕಟ್ಟಿ ನಿಲ್ಲುವುದು ಯಾರಿಂದ ಸಾಧ್ಯ? ಆ ಪ್ರೀತಿಯನ್ನು ತಪ್ಪೆನ್ನಲು ನನ್ನ ಬಾಯಿ ಬರುವುದಿಲ್ಲ. ಇಳಿಯದೆಯೇ ಎತ್ತುವ ಏರ್ಪಾಡು ಮೊದಲೇ ಇರಬೇಕಿತ್ತು. ಇಳಿಯುವವನ ಇಡೀ ಮೈಯನ್ನು ಹಿಡಿಯುವ ಸುರಕ್ಷತಾ ಪಟ್ಟಿ, ಅದಕ್ಕೆ ಹಗ್ಗ, ಹಗ್ಗಕ್ಕೆ ಮೇಲೆ ಮೂರು ಕಾಲಿನ ರಾಟೆ ಇದ್ದರೆ ಮೇಲೆ ನಿಂತ ಒಬ್ಬನೇ ಅವನನ್ನು ಎರಡು ನಿಮಿಷದಲ್ಲಿ ಗಾಳಿಗೆ ತರಬಲ್ಲ. ಸೊಂಟಕ್ಕೆ ಕಟ್ಟಿದ ಹಗ್ಗ ಸಾಲದು. ಎಚ್ಚರ ತಪ್ಪಿದ ಮೈ ನಡುವಿಗೆ ಮಡಿಸಿಕೊಂಡು ಕಿಂಡಿಯ ಬಾಯಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆಯಾಗಲಿ, ದೂಳಿನ ಮುಸುಕಾಗಲಿ ಈ ಅನಿಲದ ಮುಂದೆ ಏನೂ ಅಲ್ಲ.

ಕಾನೂನಿನ ಕೊರತೆ ಇದೆಯೇ? 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಕೆಜಿಎಫ್‌ನಲ್ಲಿ ಈ ಕಸುಬಿನವರ ಮನೆಯಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ ದೇಶದುದ್ದಕ್ಕೂ ಹೋರಾಡಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರ ಕಾಯ್ದೆ ಚರಂಡಿ ಮತ್ತು ಮಲಗುಂಡಿಯ ಅಪಾಯಕಾರಿ ಸ್ವಚ್ಛತೆಗೆ ಮನುಷ್ಯರನ್ನು ಇಳಿಸುವುದನ್ನು ಅಪರಾಧವೆಂದಿತು. ಆಂದೋಲನ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2014ರ ಮಾರ್ಚ್ 27ರಂದು, ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಇಷ್ಟೆಲ್ಲ ಇದ್ದೂ ಗುಂಡಿಗೆ ಇಳಿಯುವವರ ಜಾತಿ ಬದಲಾಗಿಲ್ಲ, ದಿನಗೂಲಿಯ ಅನಿವಾರ್ಯ ಬದಲಾಗಿಲ್ಲ, ಗುತ್ತಿಗೆದಾರನ ಕೆಳಗೊಬ್ಬ ಉಪಗುತ್ತಿಗೆದಾರ, ಅವನ ಕೆಳಗೊಬ್ಬ ಮೇಸ್ತ್ರಿ ಎಂಬ ಸರಪಳಿಯೂ ಬದಲಾಗಿಲ್ಲ. ಅನಿಲಕ್ಕೆ ಜಾತಿ ಗೊತ್ತಿಲ್ಲ. ಅದರ ಎದುರು ಯಾರನ್ನು ನಿಲ್ಲಿಸಬೇಕೆಂದು ಆರಿಸುವವರು ನಾವು.

ಚರಂಡಿ ಎಂದರೆ ಬೀದಿಯದ್ದು, ಪಾಲಿಕೆಯ ಜವಾಬ್ದಾರಿ ಎಂದು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೊಳಚೆನೀರು ಶುದ್ಧೀಕರಣ ಘಟಕ ಇರಲೇಬೇಕೆಂಬ ನಿಯಮವಿದೆ, ಒಳ್ಳೆಯ ನಿಯಮ. ಬಹಳ ಕಡೆ ಅದು ಇರುವುದು ನೆಲಮಾಳಿಗೆಯ ಮೂಲೆಯಲ್ಲಿ. ಗಾಳಿ ಊದುವ ಯಂತ್ರ ಓಡುತ್ತಿರುವವರೆಗೆ ಆ ತೊಟ್ಟಿಗಳಲ್ಲಿ ಸಲ್ಫೈಡ್ ಹೆಚ್ಚು ಹುಟ್ಟುವುದಿಲ್ಲ. ಕರೆಂಟಿನ ಖರ್ಚು ಉಳಿಸಲೆಂದು ರಾತ್ರಿ ಅದನ್ನು ನಿಲ್ಲಿಸಿದರೆ, ಕೆಟ್ಟ ಯಂತ್ರವನ್ನು ವಾರಗಟ್ಟಲೆ ರಿಪೇರಿ ಮಾಡಿಸದಿದ್ದರೆ, ತೊಟ್ಟಿಯ ಬ್ಯಾಕ್ಟೀರಿಯಾಗಳ ಸ್ವಭಾವವೇ ಬದಲಾಗುತ್ತದೆ. ಆಮೇಲೆ ಪಂಪು ಕಟ್ಟಿಕೊಂಡಿದೆ, ಒಬ್ಬ ಹುಡುಗನನ್ನು ಇಳಿಸಿ ಎಂದು ನಿವಾಸಿಗಳ ಸಂಘದಿಂದ ಫೋನ್ ಹೋಗುತ್ತದೆ. ಈ ಸಭೆಯಲ್ಲಿ ಅಂಥ ಸಂಘಗಳ ಪದಾಧಿಕಾರಿಗಳು ಇರಬಹುದು. ಆ ಫೋನ್ ಮಾಡುವವರು ನೀವೇ ಆದ್ದರಿಂದ ನೇರವಾಗಿ ಹೇಳುತ್ತಿದ್ದೇನೆ: ಪಂಪನ್ನು ಸರಪಳಿಗೆ ಕಟ್ಟಿ ಮೇಲಿಂದಲೇ ಎತ್ತುವಂತೆ ಮಾಡಿಸಿಕೊಳ್ಳಿ. ಒಬ್ಬ ಇಳಿಯುವ ಅಗತ್ಯವೇ ತಪ್ಪುತ್ತದೆ. ಘಟಕದ ಕೋಣೆಯ ಗಾಳಿಯನ್ನು ನೆಲಮಟ್ಟದಿಂದ ಎಳೆದು ಕಟ್ಟಡದ ಹೊರಗೆ ಬಿಡುವ ಫ್ಯಾನು ಸದಾ ಓಡುತ್ತಿರಲಿ.

ಯಂತ್ರಗಳಿಗೂ ಕೊರತೆಯಿಲ್ಲ. ನೀರಿನ ಒತ್ತಡದಿಂದ ಕಟ್ಟು ಬಿಡಿಸುವ ಜೆಟ್ಟಿಂಗ್ ಯಂತ್ರ, ಹೂಳು ಹೀರುವ ಸಕ್ಕಿಂಗ್ ಯಂತ್ರ ನಮ್ಮ ನಗರಗಳಲ್ಲಿವೆ. ಕಿರಿದಾದ ಗಲ್ಲಿಗಳಿಗೆ ದೊಡ್ಡ ಲಾರಿ ನುಗ್ಗುವುದಿಲ್ಲ ಎಂಬ ನೆಪಕ್ಕೆ ಹೈದರಾಬಾದಿನ ಪುಟ್ಟ ಜೆಟ್ಟಿಂಗ್ ವಾಹನಗಳು ಉತ್ತರ ಕೊಟ್ಟಿವೆ. ತಿರುವನಂತಪುರದ ಯುವ ಎಂಜಿನಿಯರುಗಳು ಮ್ಯಾನ್‌ಹೋಲಿಗೆ ಇಳಿಯುವ ಬ್ಯಾಂಡಿಕೂಟ್ ಎಂಬ ರೋಬೋ ಮಾಡಿ 2018ರಲ್ಲೇ ಬಳಕೆಗೆ ತಂದರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟುಗಳಲ್ಲಿ ಇಂಥವು ಎಷ್ಟಿವೆ ಎಂದು ಅಧ್ಯಾಪಕರು ನೋಡಬೇಕು.

ಅನಿವಾರ್ಯವಾಗಿ ಇಳಿಯಲೇಬೇಕಾದ ತುರ್ತು ಬಂದರೆ ಕ್ರಮ ಹೀಗಿರಬೇಕು. ಅಕ್ಕಪಕ್ಕದ ಮ್ಯಾನ್‌ಹೋಲುಗಳ ಮುಚ್ಚಳವನ್ನೂ ತೆಗೆದು, ತಾಜಾ ಗಾಳಿಯನ್ನು ಊದುವ ಯಂತ್ರದಿಂದ ತಳದವರೆಗೆ ಇಳಿಬಿಟ್ಟ ಕೊಳವೆಯ ಮೂಲಕ ನುಗ್ಗಿಸುತ್ತಿರಬೇಕು, ಕೆಲಸ ಮುಗಿಯುವವರೆಗೂ ನಿಲ್ಲಿಸಬಾರದು. ಆಮ್ಲಜನಕ, ದಹನಶೀಲ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ಅಳೆಯುವ ಮಾಪಕವನ್ನು ಹಗ್ಗದಲ್ಲಿ ಇಳಿಸಿ ಬಾಯಿಯಲ್ಲಿ, ನಡುವೆ, ತಳದಲ್ಲಿ ಮೂರು ಕಡೆ ನೋಡಬೇಕು. ಕೋಲಿನಿಂದ ತಳದ ಹೂಳನ್ನು ಕದಡಿ ಮತ್ತೆ ನೋಡಬೇಕು. ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆಯಿದ್ದರೆ ಸಿಲಿಂಡರ್ ಇಲ್ಲದೆ ಇಳಿಯುವ ಮಾತೇ ಇಲ್ಲ. ಆ ಮಾಪಕ ಇಳಿದವನ ಎದೆಯ ಮೇಲೂ ಕೊನೆಯವರೆಗೆ ಇರಬೇಕು.

ಮಾಪಕದ ಬಗ್ಗೆ ಕೊನೆಯದಾಗಿ ಒಂದು ವಿಷಯ, ಇದನ್ನು ಟೆಂಡರು ಬರೆಯುವ ಅಧಿಕಾರಿಗಳಿಗೆ ಮುಟ್ಟಿಸುವ ಕೆಲಸ ಇಲ್ಲಿರುವ ಎಂಜಿನಿಯರುಗಳದ್ದು. ಒಳಗಿನ ಸಂವೇದಕ ಒಂದು ವಿದ್ಯುದ್ರಾಸಾಯನಿಕ ಕೋಶ. ಎರಡು ಮೂರು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಬಿಸಿಲಿಗೆ ಬಿದ್ದಿದ್ದರೆ ಇನ್ನೂ ಬೇಗ ಒಣಗುತ್ತದೆ. ಸತ್ತ ಸಂವೇದಕ ತೋರಿಸುವ ಅಂಕಿ ಸೊನ್ನೆ. ಶುದ್ಧ ಗಾಳಿಯಲ್ಲಿ ಒಳ್ಳೆಯ ಸಂವೇದಕ ತೋರಿಸುವುದೂ ಸೊನ್ನೆಯೇ. ಎರಡರ ವ್ಯತ್ಯಾಸ ತಿಳಿಯುವುದು, ಗೊತ್ತಾದ ಪ್ರಮಾಣದ ಅನಿಲವಿರುವ ಪುಟ್ಟ ಪರೀಕ್ಷಾ ಸಿಲಿಂಡರಿನಿಂದ ಬಳಸುವ ದಿನ ಬೆಳಗ್ಗೆ ಅದಕ್ಕೆ ಒಂದಷ್ಟು ಅನಿಲ ಊದಿ, ಅದು ಕೂಗುತ್ತದೆಯೇ ಎಂದು ನೋಡಿದಾಗ ಮಾತ್ರ. ಮಾಪಕ ಕೊಳ್ಳಲು ಹಣ ಮಂಜೂರು ಮಾಡುವ ಸ್ಥಳೀಯ ಸಂಸ್ಥೆಗಳು ಪರೀಕ್ಷಾ ಸಿಲಿಂಡರ್, ಬದಲಿ ಸಂವೇದಕ, ಅದನ್ನು ಪರೀಕ್ಷಿಸಲು ತರಬೇತಾದ ಒಬ್ಬ ಮನುಷ್ಯ, ಈ ಮೂರನ್ನೂ ಪ್ರತಿ ವರ್ಷದ ಅಂದಾಜುಪಟ್ಟಿಯಲ್ಲಿ ಬೇರೆ ಬೇರೆ ಸಾಲಾಗಿ ಸೇರಿಸಬೇಕು.